ಸಾದಾ ಗಾಜಿಗೆ ಸಬ್ಲಿಮೇಶನ್ ಹಿಡಿಯಲ್ಲ
ದಾವಣಗೆರೆಯಲ್ಲಿ ಕೊಂಡ ಸಾದಾ ಗಾಜಿನ ಲೋಟಕ್ಕೆ ಸಬ್ಲಿಮೇಶನ್‌ನಿಂದ (ಕಾಗದದಲ್ಲಿ ಪ್ರಿಂಟ್ ಮಾಡಿದ ಚಿತ್ರವನ್ನ ಬಿಸಿ ಕೊಟ್ಟು ವಸ್ತುವಿಗೆ ಇಳಿಸೋದು) ಚಿತ್ರದುರ್ಗದ ಕೋಟೆ ಫೋಟೊ ಹಾಕಿದ್ದು ಒಂದೇ ಸಲ ತೊಳೆದಿದ್ದಕ್ಕೆ ಹೋಯ್ತು ಅಂದ್ರಲ್ಲ, ಬಿಸಿ ಒತ್ತೋ ಪ್ರೆಸ್ಸಿನದೇನೂ ತಪ್ಪಿಲ್ಲ ಸಾರ್. ಸಬ್ಲಿಮೇಶನ್ ಇಂಕ್ ಬಿಸಿಗೆ ಆವಿಯಾಗಿ ಪಾಲಿಮರ್ (ಪ್ಲಾಸ್ಟಿಕ್‌ನಂಥ) ಲೇಪದೊಳಗೆ ಇಳಿಯುತ್ತೆ. ಬರೀ ಗಾಜಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಸಬ್ಲಿಮೇಶನ್ ಕೋಟಿಂಗ್ ಇರೋ ಲೋಟಾನೇ ತರಿಸಿ, ಅದರಲ್ಲೂ ಫ್ರಾಸ್ಟೆಡ್, ಅಂದ್ರೆ ಮಬ್ಬು ಗಾಜಿಂದು. ಈ ಇಂಕ್‌ನಲ್ಲಿ ಬಿಳಿ ಬಣ್ಣ ಇರಲ್ಲ ನೋಡಿ: ತಿಳಿಗಾಜಿನ ಮೇಲೆ ಕೋಟೆ ಗೋಡೆಯೇನೋ ಮೂಡುತ್ತೆ, ಹಿಂದಿನ ಬಿಳಿ ಮೋಡದ ಜಾಗದಲ್ಲಿ ಒಳಗಿನ ಜ್ಯೂಸೇ ಕಾಣುತ್ತೆ! ಚಿತ್ರಾನ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗುಮುರುಗು ಪ್ರಿಂಟ್ ಮಾಡಿ, ಆ ಕಾಗದಾನ ಬಿಸಿ ತಡೆಯೋ ಹೀಟ್ ಟೇಪ್‌ನಿಂದ ಲೋಟಕ್ಕೆ ಬಿಗಿಯಾಗಿ ಸುತ್ತಿ; ಕಾಗದ ಕೂದಲೆಳೆಯಷ್ಟು ಸರಿದರೂ ಅಂಚು ಎರಡಾಗುತ್ತೆ. ಶಾಖ ಸಾಮಾನ್ಯವಾಗಿ 180–200 ಡಿಗ್ರಿ ಸೆಲ್ಸಿಯಸ್, ಸಮಯ ಲೋಟ ಮಾರಿದವರು ಹೇಳಿದಷ್ಟು. ತೆಗೆದ ಕೂಡಲೇ ನೀರಿಗೆ ಅದ್ದಬೇಡಿ, ಗಾಜು ಸೀಳುತ್ತೆ. ಓವನ್ ಬಳಸೋದಾದ್ರೆ ಅಡುಗೆಮನೆಯದು ಖಂಡಿತ ಬೇಡ.