ತಾತ ಕಂಡ 14 ಮಹಡಿ

ಪ್ರಶ್ನೆ: ನಮ್ಮ ತಾತ ಬಳ್ಳಾರಿ ಕೌಲ್ ಬಜಾರಿನವರು. ‘ಮದ್ರಾಸು ನಮಗೆ ರಾಜಧಾನಿ ಆಗಿದ್ದಾಗ ಹೋಗಿ, ದೇಶಕ್ಕೇ ಎತ್ತರದ 14 ಮಹಡಿ ಕಟ್ಟಡ ನೋಡಿ ಬಂದೆ’ ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು. ಇದರಲ್ಲಿ ನಿಜ ಎಷ್ಟು?
– ಒಬ್ಬ ಓದುಗ, ಬಳ್ಳಾರಿ

ಸಂಪಾದಕರ ಉತ್ತರ: ನಗಬಾರದಿತ್ತು. ಎತ್ತರದ ಮಾತು ನಿಜ. ಇಸವಿ ಮಾತ್ರ ಸ್ವಲ್ಪ ಕಲಸಿಹೋಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ತಾತ ನೋಡಿದ್ದು ಮೌಂಟ್ ರೋಡಿನ ಎಲ್‌ಐಸಿ ಕಟ್ಟಡ. ಆ ರಸ್ತೆಗೆ ಈಗ ಅಣ್ಣಾ ಸಾಲೈ ಎಂದು ಹೆಸರು. ಎತ್ತರ 177 ಅಡಿ. ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅಷ್ಟೇ. ಆದರೆ ಗೋಪುರ, ಮಿನಾರುಗಳ ಲೆಕ್ಕ ಬೇರೆ. 1959ರ ಆಗಸ್ಟ್ 23ರಂದು ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಉದ್ಘಾಟಿಸಿದಾಗ, ಜನ ಕೂತು ಕೆಲಸ ಮಾಡುವ ಕಟ್ಟಡಗಳಲ್ಲಿ ದೇಶದಲ್ಲಿ ಅದನ್ನು ಮೀರಿಸಿದ್ದು ಇರಲಿಲ್ಲ. ಎರಡೇ ವರ್ಷ ಅಷ್ಟೇ. ಆಮೇಲೆ ಬೊಂಬಾಯಿ ಮುಂದೆ ಹೋಯಿತು.

ಮಜಾ ಏನೆಂದರೆ, ಕಟ್ಟಲು ಶುರು ಮಾಡಿದ್ದು ಎಲ್‌ಐಸಿ ಅಲ್ಲ. ಆಗ ಎಲ್‌ಐಸಿ ಹುಟ್ಟೇ ಇರಲಿಲ್ಲ. 1937ರಲ್ಲಿ ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಸ್ಥಾಪಿಸಿದ ಎಂ.ಸಿಟಿ.ಎಂ. ಚಿದಂಬರಂ ಚೆಟ್ಟಿಯಾರ್ ತಮ್ಮ ಯುನೈಟೆಡ್ ಇಂಡಿಯಾ ವಿಮಾ ಕಂಪನಿಗಾಗಿ 1953ರಲ್ಲಿ ಕೆಲಸ ಹಿಡಿದರು. ಮರು ವರ್ಷ ಮಾರ್ಚಿನಲ್ಲಿ ಸಿಂಗಾಪುರದ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1956ರಲ್ಲಿ ಸರ್ಕಾರ ದೇಶದ ಜೀವ ವಿಮಾ ಕಂಪನಿಗಳನ್ನೆಲ್ಲ ತೆಗೆದುಕೊಂಡು ಸೆಪ್ಟೆಂಬರ್ 1ರಂದು ಎಲ್‌ಐಸಿ ಮಾಡಿತು. ಅರ್ಧಕ್ಕೆ ನಿಂತಿದ್ದ ಕಟ್ಟಡವೂ ಅದರ ಪಾಲಿಗೆ ಬಂತು. ನಕ್ಷೆ ಲಂಡನ್ನಿನ ಬ್ರೌನ್ ಮತ್ತು ಮೌಲಿನ್ ಅವರದು, ಮುಗಿಸಿಕೊಟ್ಟವರು ಮದ್ರಾಸಿನ ಎಲ್.ಎಂ. ಚಿತಳೆ.

ಎತ್ತರಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದನ್ನು ಕಟ್ಟಿದ ರೀತಿ. ಅಲ್ಲಿಯವರೆಗೆ ಮದ್ರಾಸಿನ ದೊಡ್ಡ ಕಟ್ಟಡಗಳು ಹೆಚ್ಚಾಗಿ ಇಟ್ಟಿಗೆ, ಗಾರೆಯವು. ಭಾರ ಹೊರುವುದು ಗೋಡೆ. ಮೇಲೆ ಒಂದೊಂದು ಮಹಡಿ ಏರಿದಂತೆ ಕೆಳಗಿನ ಗೋಡೆ ದಪ್ಪ ಆಗುತ್ತಲೇ ಹೋಗಬೇಕು. 14 ಮಹಡಿ ಹಾಗೆ ಕಟ್ಟಿದರೆ ಕೆಳಗೆ ಬರೀ ಗೋಡೆಯೇ ಉಳಿಯುತ್ತದೆ, ಮೇಜು ಹಾಕುವುದೆಲ್ಲಿ? ಇಲ್ಲಿ ಕಬ್ಬಿಣದ ಸರಳು ಸೇರಿಸಿದ ಕಾಂಕ್ರೀಟ್ ಕಂಬಗಳು ಭಾರ ಹೊತ್ತವು. ಗೋಡೆ ಸುಮ್ನೆ ಮರೆಗೆ. ಇವತ್ತು ಬಳ್ಳಾರಿಯಲ್ಲಿ ಮೂರು ಮಹಡಿ ಮನೆ ಕಟ್ಟುವವರೂ ಮೊದಲು ಕಂಬವನ್ನೇ ಎಬ್ಬಿಸುತ್ತಾರೆ, ಅಲ್ವಾ?

1975ರ ಜುಲೈನಲ್ಲಿ ಕಟ್ಟಡಕ್ಕೆ ದೊಡ್ಡ ಬೆಂಕಿ ಬಿತ್ತು. ರಿಪೇರಿ ಆಯಿತು, ಈಗಲೂ ನಿಂತಿದೆ.

ಇನ್ನು ಇಸವಿ. ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅದಕ್ಕೂ ಮುಂಚೆ ತಾತ ಹೋಗಿದ್ದರೆ ಹೆಚ್ಚೆಂದರೆ ಪಾಯದ ಗುಂಡಿ ಕಂಡಿರಬೇಕು. 1959ರ ನಂತರವೇ ಹೋಗಿರುತ್ತಾರೆ. ಆದರೂ ಅವರನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಕೊಪ್ಪಳ, ರಾಯಚೂರಿನ ಹಿರಿಯರಿಗೆ ಹೈದರಾಬಾದ್ ಹೇಗೋ, ನಮ್ಮವರಿಗೆ ಮದ್ರಾಸು ಹಾಗೆ. ಹೈಕೋರ್ಟ್ ಕೇಸಿಗೂ ಗುಂತಕಲ್ಲಿನಲ್ಲಿ ರೈಲು ಹಿಡಿದು ಅಲ್ಲಿಗೇ ಹೋಗಬೇಕಿತ್ತು. ರಾಜಧಾನಿ ಬದಲಾಯಿತು ಎಂದು ಸರ್ಕಾರ ಹೇಳಿದ ದಿನವೇ ಬಾಯಿಂದ ಆ ಮಾತು ಹೋಗುತ್ತದೆಯೇ?

ತಾತನ ಟ್ರಂಕು ಮನೆಯಲ್ಲಿ ಇದ್ದರೆ ಒಮ್ಮೆ ಹುಡುಕಿ. 1956ಕ್ಕಿಂತ ಹಳೆಯ ವಿಮಾ ಪಾಲಿಸಿ ಸಿಕ್ಕು, ಅದರ ಮೇಲೆ ಯುನೈಟೆಡ್ ಇಂಡಿಯಾ ಎಂದಿದ್ದರೆ ಒಂದು ಫೋಟೊ ತೆಗೆದು ಕಳಿಸಿ. ಅಚ್ಚು ಹಾಕುತ್ತೇವೆ.