ಪ್ರಾಸ್ಟೇಟ್ ಬೆಳೆದಿದೆ ಅಂದರೆ ಕ್ಯಾನ್ಸರ್ ಅಲ್ವಾ?

ಪ್ರಶ್ನೆ: ನನಗೆ 63 ವರ್ಷ, ಶಿರಸಿ ಹತ್ತಿರ ಅಡಿಕೆ ತೋಟ ಇದೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳಬೇಕು, ಧಾರೆಯೂ ಸಣ್ಣ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 48 ಗ್ರಾಂ ಬಂದಿದೆ. ಜೀವಕೋಶ ಜಾಸ್ತಿ ಆಗಿದೆ ಅಂದರು. ಇದು ಕ್ಯಾನ್ಸರ್ ಅಲ್ವಾ? ಈ ವಯಸ್ಸಿನಲ್ಲಿ ಯಾಕೆ ಬೆಳೆಯುತ್ತದೆ?

ಉತ್ತರ: ಕೋಶ ಜಾಸ್ತಿ ಆದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಈ ಒಂದು ಹೆದರಿಕೆಯಿಂದ ಎಷ್ಟೋ ಜನ ವರ್ಷಗಟ್ಟಲೆ ಯಾರಿಗೂ ಹೇಳದೆ ಒದ್ದಾಡುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು.

ಪ್ರಾಸ್ಟೇಟ್ ಅನ್ನುವುದು ಗಂಡಸರಲ್ಲಿರುವ ಗ್ರಂಥಿ, ಇರುವುದು ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು. ಹರೆಯದಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಅದರಲ್ಲಿ ರಸ ಮಾಡುವ ಕೋಶಗಳಿವೆ, ಅವುಗಳ ನಡುವೆ ತುಂಬಿಕೊಂಡ ಸ್ನಾಯು ಮತ್ತು ನಾರಿನ ಕೋಶಗಳಿವೆ. ತೋಟದಲ್ಲಿ ಹೊಸ ಸಸಿ ಹಾಕುತ್ತಲೇ ಹೋಗಿ, ಹಳೆ ಮರ ಒಂದೂ ತೆಗೆಯದಿದ್ದರೆ ಎಷ್ಟು ಒತ್ತಾಗುತ್ತದೆ ನಿಮಗೇ ಗೊತ್ತು. ಇಲ್ಲೂ ಹಾಗೇ, ಹೊಸ ಕೋಶ ಹುಟ್ಟುತ್ತವೆ, ಸಾಯಬೇಕಾದ ಹಳೆಯವು ಹೊತ್ತಿಗೆ ಸರಿಯಾಗಿ ಸಾಯುವುದಿಲ್ಲ.

ಇದಕ್ಕೆ ಕುಮ್ಮಕ್ಕು ಕೊಡುವುದು ಡಿಎಚ್‌ಟಿ ಅನ್ನುವ ಹಾರ್ಮೋನು. ವೃಷಣದಿಂದ ಬರುವ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನನ್ನು 5-ಆಲ್ಫಾ ರಿಡಕ್ಟೇಸ್ ಅನ್ನುವ ಕಿಣ್ವ ಪ್ರಾಸ್ಟೇಟಿನ ಒಳಗೇ ಡಿಎಚ್‌ಟಿ ಮಾಡುತ್ತದೆ. ಈ ಕೆಲಸ ಹೆಚ್ಚಾಗಿ ನಡೆಯುವುದು ನಾರಿನ ಭಾಗದ ಕೋಶಗಳಲ್ಲಿ, ಅವು ತಾವೂ ಬೆಳೆದು ಪಕ್ಕದ ರಸದ ಕೋಶಗಳಿಗೂ ಬೆಳೆಯಲು ಸೂಚನೆ ಕಳಿಸುತ್ತವೆ. ವಯಸ್ಸಾಗಿ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇಳಿದರೂ ಗ್ರಂಥಿಯೊಳಗೆ ಡಿಎಚ್‌ಟಿ ಸಾಕಷ್ಟು ಉಳಿದಿರುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿನಿಂದಲೇ ಈ ಕಿಣ್ವದ ಕೊರತೆ ಇದ್ದವರ ಬಗ್ಗೆ 1974ರಲ್ಲಿ ವರದಿ ಬಂತು, ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಸಣ್ಣದೇ ಇತ್ತು. ಈ ಕಿಣ್ವವನ್ನೇ ತಡೆಯುವ ಫಿನಾಸ್ಟರೈಡ್ ಮಾತ್ರೆಗೆ ದಾರಿ ಆಗಿದ್ದು ಅದೇ.

ಇನ್ನು ಕ್ಯಾನ್ಸರ್. ನಿಮ್ಮ ತರಹದ ಬೆಳವಣಿಗೆ ನಾಳದ ಸುತ್ತಲಿನ ಒಳಭಾಗದ್ದು, ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಹೊರಭಾಗದಲ್ಲಿ. ಇದು ಬೆಳೆದು ಕ್ಯಾನ್ಸರ್ ಆಗುವುದಿಲ್ಲ. ಆದರೆ ಎರಡೂ ಒಟ್ಟಿಗೆ ಇರಬಹುದು, ಹಾಗಾಗಿ ಪಿಎಸ್‌ಎ (ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಮತ್ತು ಗುದದ್ವಾರದಲ್ಲಿ ಬೆರಳು ಹಾಕಿ ನೋಡುವ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ, ನಾಚಿಕೊಳ್ಳಬೇಡಿ. ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದರೆ ಪಿಎಸ್‌ಎ ಅರ್ಧದಷ್ಟು ಇಳಿಯುತ್ತದೆ, ಅದನ್ನೂ ಹೇಳಿ.

ತೊಂದರೆ ಬರೀ ಗಾತ್ರದ್ದಲ್ಲ, ಒಳಗಿನ ಸ್ನಾಯು ಬಿಗಿಯುವುದರದ್ದೂ ಹೌದು. ಅದನ್ನು ಸಡಿಲಿಸುವ ಟಾಮ್ಸುಲೋಸಿನ್ ಕೆಲವೇ ದಿನದಲ್ಲಿ ಗುಣ ತೋರಿಸಬಹುದು, ಫಿನಾಸ್ಟರೈಡಿಗೆ ತಿಂಗಳುಗಟ್ಟಲೆ ಬೇಕು.

ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸುವಾಗ ಮಳೆಯಲ್ಲಿ ನೆನೆದು ಶೀತ ಆದರೆ ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಕೆಲವು ಶೀತದ ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಹಾಗೇನಾದರೂ ಆದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗಿ.