ಕಥೆ ಹೇಗೆ ಹುಟ್ಟುತ್ತದೆ ಅಂತ ಚಿಕ್ಕ ಮಕ್ಕಳಿಗೆ ಹೇಗೆ ತಿಳಿಸುವುದು?

"ಮಗಳಿಗೆ ನಾಲ್ಕೂವರೆ ವರ್ಷ. ಪುಸ್ತಕ ಓದಿ ಮುಗಿಸಿದ ಕೂಡಲೇ 'ಈ ಕಥೆ ಯಾರು ಮಾಡಿದ್ದು, ಹೇಗೆ ಮಾಡಿದ್ದು' ಅಂತ ಕೇಳುತ್ತಾಳೆ. ಅವಳಿಗೆ ಅರ್ಥವಾಗುವ ಹಾಗೆ ಹೇಗೆ ಹೇಳಲಿ?" ಎಂದು ಕೇಳಿದ್ದೀರಿ. ನಾನು ಈ ವಯಸ್ಸಿನ ಮಕ್ಕಳಿಗೆ ಪಾಠ ಮಾಡುವವಳು. ಅಲ್ಲಿ ಕಂಡದ್ದರ ಮೇಲೆ ಉತ್ತರ ಬರೆಯುತ್ತಿದ್ದೇನೆ.

ವಿವರಿಸಲು ಹೋಗಬೇಡಿ. ಅವಳ ಕೈಯಲ್ಲೇ ಒಂದು ಕಥೆ ಮಾಡಿಸಿ. ಪಾತ್ರ, ಸನ್ನಿವೇಶ, ಸಮಸ್ಯೆ, ಪರಿಹಾರ ಅಂತ ಚಾರ್ಟ್ ಬರೆದು ಗೋಡೆಗೆ ಅಂಟಿಸುವುದು ಈ ವಯಸ್ಸಿಗೆ ದಂಡ. ಅಷ್ಟು ಚಿಕ್ಕವರಿಗೆ ಪುಸ್ತಕದ ಕಥೆ ಅಂದರೆ ಆಕಾಶದ ಚಂದ್ರನ ಹಾಗೆ, ಮೊದಲಿಂದಲೂ ಇದ್ದದ್ದು. ಕರಡಿ ಮರ ಹತ್ತಿತು ಅಂದರೆ ಹತ್ತಿತು, ಅಷ್ಟೇ. ಯಾರೋ ಒಬ್ಬರು ಕೂತು 'ಕರಡಿ ಮರ ಹತ್ತಲಿ' ಅಂತ ತೀರ್ಮಾನ ಮಾಡಿದರು, ಬೇಕಿದ್ದರೆ ಹೊಳೆಗೂ ಇಳಿಸಬಹುದಿತ್ತು ಅನ್ನುವುದು ಅವರಿಗೆ ಹೊಸ ವಿಷಯ. ನಿಮ್ಮ ಮಗಳು 'ಯಾರು ಮಾಡಿದ್ದು' ಅಂತ ಕೇಳುತ್ತಿದ್ದಾಳೆ ಅಂದರೆ ಅರ್ಧ ದಾರಿ ಆಗಲೇ ಬಂದಿದ್ದಾಳೆ.

ಹೀಗೆ ಮಾಡಿ. ಒಂದು ಹಾಳೆ, ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಕೂತು 'ನೀನು ಹೇಳು, ನಾನು ಬರೆದುಕೊಳ್ತೀನಿ' ಅನ್ನಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ತಪ್ಪು ತಿದ್ದಬೇಡಿ, ಚೆಂದ ಮಾಡಬೇಡಿ. ಬರೆಯುವಾಗ ಒಂದೊಂದೇ ಪದವನ್ನು ಬಾಯಲ್ಲಿ ಹೇಳಿಕೊಳ್ಳಿ. ತನ್ನ ಮಾತು ಅಕ್ಷರವಾಗುವುದನ್ನು ಅವಳು ನೋಡಲಿ. ಮೊದಮೊದಲು ಬರುವ ಕಥೆ ಹೀಗಿರುತ್ತದೆ: "ಆನೆ ಬಂತು. ಆಮೇಲೆ ಆನೆ ಹೋಯ್ತು. ಮುಗೀತು." ಇದನ್ನು ಉದ್ದ ಮಾಡಿಸುವ ಆಸೆ ನಮಗೆ ಬಂದೇ ಬರುತ್ತದೆ. ತಡೆದುಕೊಳ್ಳಿ. ಅದು ಪೂರ್ತಿ ಕಥೆಯೇ.

ಬರೆದದ್ದನ್ನು ಬೆರಳಿಟ್ಟು ಓದಿ ತೋರಿಸಿ, ಆಮೇಲೆ ಅದನ್ನು ಆಡಿಸಿ. ಜಾಸ್ತಿ ಕೆಲಸ ನಡೆಯುವುದು ಇಲ್ಲೇ. ನೀವು ಆನೆಯಾಗಿ, ಕಥೆ ಅವಳದ್ದು. 'ಆನೆ ಬಂತು' ಅಂದ ಕೂಡಲೇ ಬಂದು ನಿಲ್ಲಿ. 'ಆನೆ ಹೋಯ್ತು' ಅಂದಾಗ ಮಾತ್ರ ಅಲ್ಲೇ ನಿಂತು 'ಎಲ್ಲಿಗೆ ಹೋಗ್ಲಿ?' ಅಂತ ಕೇಳಿ. ಮಗು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಆಮೇಲೆ 'ನೀರು ಕುಡಿಯೋಕೆ' ಅನ್ನುತ್ತದೆ. ಅದನ್ನೂ ಹಾಳೆಗೆ ಸೇರಿಸಿ. ಈಗ ಆನೆ ಸುಮ್ನೆ ಹೋಗಲಿಲ್ಲ, ಬಾಯಾರಿಕೆಯಾಗಿ ಹೋಯಿತು. 'ಆಮೇಲೆ, ಆಮೇಲೆ' ಅಂತ ಸಾಗುತ್ತಿದ್ದ ಕಥೆಗೆ ಒಂದು 'ಅದಕ್ಕೇ' ಸೇರಿತು. ಪ್ರಶ್ನೆ ಪಾಠದ ಮೇಷ್ಟರಿಂದ ಬಂದಿದ್ದರೆ ಅವಳಿಗೆ ಅದು ಪರೀಕ್ಷೆ ಅನ್ನಿಸುತ್ತಿತ್ತು. ಇಲ್ಲಿ ಕೇಳಿದ್ದು ಆನೆ, ಅದಕ್ಕೆ ನಿಜವಾಗಿಯೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲ. ಉತ್ತರ ಹೇಳಲೇಬೇಕು, ಅಲ್ವಾ?

ಇದು ನನ್ನ ಸ್ವಂತ ಉಪಾಯವಲ್ಲ. ಅಮೆರಿಕದ ಶಿಕಾಗೋದಲ್ಲಿ ಶಿಶುವಿಹಾರದ ಟೀಚರ್ ಆಗಿದ್ದ ವಿವಿಯನ್ ಪೇಲಿ ತಮ್ಮ ತರಗತಿಯಲ್ಲಿ ಹೀಗೇ ಮಕ್ಕಳ ಕಥೆಗಳನ್ನು ಬರೆದುಕೊಂಡು, ಅದೇ ದಿನ ಮಕ್ಕಳಿಂದಲೇ ಆಡಿಸುತ್ತಿದ್ದರು. ಆ ಅನುಭವದ ಮೇಲೆ ಸಾಕಷ್ಟು ಪುಸ್ತಕಗಳನ್ನೂ ಬರೆದರು. ಮನೆಯಲ್ಲಿ ಗುಂಪು ಇರುವುದಿಲ್ಲ, ಒಂದೆರಡು ಗೊಂಬೆ ಸೇರಿಸಿಕೊಂಡರೆ ಆಯಿತು.

ಎರಡು ತೊಂದರೆ ಬರಬಹುದು. ಒಂದು, 'ಮುಂದೇನಾಯ್ತು?' ಅಂದರೆ ಕೆಲವು ಮಕ್ಕಳು ಬಾಯೇ ಬಿಡುವುದಿಲ್ಲ. ಆ ಪ್ರಶ್ನೆ ಅವರಿಗೆ ತೀರಾ ದೊಡ್ಡದು. 'ಬೆಕ್ಕು ಒಳಗೆ ಬಂತಾ, ಹೊರಗೇ ಉಳೀತಾ?' ಅಂತ ಎರಡರಲ್ಲಿ ಒಂದನ್ನು ಆರಿಸಲು ಕೊಡಿ. ಸ್ವಲ್ಪ ದಿನ ಕಳೆದ ಮೇಲೆ 'ಬೆಕ್ಕಿಗೆ ಏನು ಬೇಕಿತ್ತು? ಯಾಕೆ ಸಿಗಲಿಲ್ಲ?' ಅಂತ ಕೇಳಬಹುದು. ಎಷ್ಟೋ ಕಥೆಗಳು ಈ ಎರಡು ಪ್ರಶ್ನೆಯ ಮೇಲೇ ನಿಂತಿರುತ್ತವೆ. ಇನ್ನೊಂದು, ಕೆಲವರ ಕಥೆಯಲ್ಲಿ ಎಲ್ಲರೂ ಬಿದ್ದು, ಹೊಡೆದಾಡಿ, ಸತ್ತೇ ಹೋಗುತ್ತಾರೆ. ಗಾಬರಿಯಾಗಬೇಡಿ. ಸತ್ತವರು ಮುಂದಿನ ಸಾಲಿನಲ್ಲಿ ಎದ್ದು ಊಟಕ್ಕೆ ಬರುತ್ತಾರೆ. 'ಇದರ ನೀತಿ ಏನು ಪುಟ್ಟಾ?' ಅಂತ ಮಾತ್ರ ದಯವಿಟ್ಟು ಕೇಳಬೇಡಿ. ನನ್ನ ಪ್ರಕಾರ ಮಕ್ಕಳ ಕಥೆಗೆ ಅದರಷ್ಟು ಕೇಡು ಮಾಡುವ ಮಾತು ಇನ್ನೊಂದಿಲ್ಲ.

ಇನ್ನು ಪುಸ್ತಕಗಳ ವಿಷಯ. ಓದುವ ಮೊದಲು ರಕ್ಷಾಪುಟದ ಮೇಲಿನ ಹೆಸರುಗಳನ್ನೂ ಓದಿ. 'ಇವರು ಬರೆದವರು, ಇವರು ಚಿತ್ರ ಮಾಡಿದವರು.' ಅಷ್ಟು ಸಾಕು. ಅವಳ ಕಥೆಯ ಹಾಳೆಯ ಮೇಲೂ ಅವಳ ಹೆಸರು ಹಾಗೇ ಇರಲಿ.

ಬರೆಯುವವರೂ ಮನಸ್ಸು ಬದಲಿಸುತ್ತಾರೆ ಅಂತ ಹೇಳಲು ಒಂದು ಒಳ್ಳೆಯ ಉದಾಹರಣೆ ಇದೆ. ಮಕ್ಕಳ ಚಿತ್ರಪುಸ್ತಕಗಳನ್ನು ಮಾಡುತ್ತಿದ್ದ ಅಮೆರಿಕದ ಎರಿಕ್ ಕಾರ್ಲ್ ಒಮ್ಮೆ ಕಾಗದದ ಕಂತೆಗೆ ಪಂಚಿಂಗ್ ಮೆಷಿನ್‌ನಲ್ಲಿ ತೂತು ಹಾಕುತ್ತಿದ್ದಾಗ, ಪುಸ್ತಕ ತಿನ್ನುವ ಹುಳು ನೆನಪಾಯಿತಂತೆ. ಹುಳುವಿನ ಕಥೆ ಮಾಡಿದರು. ಅವರ ಸಂಪಾದಕಿಗೆ ಹುಳು ಅಷ್ಟು ಹಿಡಿಸಲಿಲ್ಲ, ಕಂಬಳಿಹುಳ ಆಗಬಹುದಾ ಅಂದರು. ಕಂಬಳಿಹುಳ ಅಂದಮೇಲೆ ಚಿಟ್ಟೆ ಬರಲೇಬೇಕು, ಕಥೆಗೆ ಕೊನೆಯೂ ಸಿಕ್ಕಿತು. 1969ರಲ್ಲಿ ಬಂದ 'ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಅನ್ನುವ ಆ ಪುಸ್ತಕದ ಪುಟಗಳಲ್ಲಿ ಈಗಲೂ ತೂತುಗಳಿವೆ. ಆ ಪುಸ್ತಕ ಕೈಗೆ ಸಿಕ್ಕರೆ ತೂತಿನಲ್ಲಿ ಬೆರಳು ತೂರಿಸುತ್ತಾ ಇದನ್ನು ಹೇಳಿ. ನಾಲ್ಕು ವರ್ಷದವರಿಗೂ ಚೆನ್ನಾಗಿ ತಿಳಿಯುತ್ತದೆ.

ಪುಸ್ತಕ ಅನ್ನುವ ವಸ್ತುವೂ ಯಾರೋ ಮಾಡಿದ್ದೇ. ಚಿತ್ರಪುಸ್ತಕಗಳಲ್ಲಿ ಹೆಚ್ಚಿನವು 32 ಪುಟದವು. ದೊಡ್ಡ ಹಾಳೆಯಲ್ಲಿ ಎಷ್ಟೋ ಪುಟಗಳನ್ನು ಒಟ್ಟಿಗೆ ಮುದ್ರಿಸಿ, ಮಡಚಿ, ಅಂಚು ಕತ್ತರಿಸುವುದರಿಂದ ಪುಟಗಳ ಲೆಕ್ಕ 8, 16, 32 ಹೀಗೆ ಬರುತ್ತದೆ. ಮನೆಯಲ್ಲೂ ಒಂದು ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿದರೆ 8 ಚೌಕ ಸಿಗುತ್ತವೆ. ಬಿಡಿಸಿ, ನಡುವೆ ಒಂದು ಸೀಳು ಕತ್ತರಿಸಿ ಮಡಚಿಕೊಂಡರೆ ಪುಟ್ಟ ಪುಸ್ತಕ ರೆಡಿ. ಮುಂದೆ ಹಿಂದೆ ರಕ್ಷಾಪುಟ ಬಿಟ್ಟರೆ ಕಥೆಗೆ ಉಳಿಯುವುದು ಆರೇ ಪುಟ. ಯಾವುದನ್ನು ಯಾವ ಪುಟದಲ್ಲಿ ಹಾಕಬೇಕು, ಯಾವುದನ್ನು ಬಿಡಬೇಕು ಅಂತ ಅವಳೇ ಯೋಚಿಸಲಿ. ಚಿತ್ರ ಗೀಚಿದ್ದರೂ ಪರವಾಗಿಲ್ಲ.

ಮುಂದೊಂದು ದಿನ 'ಆನೆ ಹೋಗೋದು ಬೇಡ, ಇಲ್ಲೇ ಇರಲಿ' ಅಂತ ಬರುತ್ತಾಳೆ. ಆಗ ಹಳೆಯದನ್ನು ಹೊಡೆದುಹಾಕಬೇಡಿ. ಇನ್ನೊಂದು ಹಾಳೆಯಲ್ಲಿ ಬರೆಯಿರಿ, ಎರಡನ್ನೂ ಓದಿ, ಎರಡನ್ನೂ ಆಡಿ. ಯಾವುದು ಇರಬೇಕು ಅಂತ ಅವಳನ್ನೇ ಕೇಳಿ. ಎರಡೂ ಇರಲಿ ಅಂದರೆ ಎರಡೂ ಇರಲಿ.